ಮೂಗಿಲ್ಲದ ಜೀಪು ಮತ್ತು ಮಾಯಾಪುರಿ

ಮೂಡಿಗೆರೆ ಕಡೆಯ ನಮ್ಮ ಮನೆಯ ಕೊಟ್ಟಿಗೆ ಪಕ್ಕದಲ್ಲಿ ಒಂದು ಮೂಗಿಲ್ಲದ ಜೀಪು ಇದೆ. ಮೂಗಿಲ್ಲದ್ದು ಅಂದರೆ ಬಾನೆಟ್ ಇಲ್ಲದ್ದು. ಎಂಜಿನ್ ಡ್ರೈವರ್ ಪಕ್ಕದಲ್ಲೇ ಇರುತ್ತದೆ, ಚಳಿಗಾಲದಲ್ಲಿ ಹಿತ, ಬೇಸಿಗೆಯಲ್ಲಿ ತೊಡೆ ಬೇಯುತ್ತದೆ! ಹಿಂದೆ ತೆರೆದ ತೊಟ್ಟಿ. ಹೆಸರು ಎಫ್‌ಸಿ-150. ಎಫ್‌ಸಿ ಅಂದರೆ ಫಾರ್ವರ್ಡ್ ಕಂಟ್ರೋಲ್. ಅಮೆರಿಕದ ವಿಲ್ಲಿಸ್ ಕಂಪನಿ 1956ರಲ್ಲಿ ಇದನ್ನು ಹೊರತಂದಿತು, ಆಮೇಲೆ ಮಹೀಂದ್ರಾದವರು ನಮ್ಮ ದೇಶದಲ್ಲೂ ತಯಾರಿಸಿದರು. ನಮ್ಮದು 1974ರ ಗಾಡಿ. 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್, ಮೂರು ಗೇರು, ನಾಲ್ಕೂ ಚಕ್ರಕ್ಕೆ ಡ್ರೈವ್.

ಈಗ ಇದರ ಸುದ್ದಿ ಯಾಕೆ ಅಂತೀರಾ? ಅಣ್ಣನ ಮಗ ಫೋನ್ ಮಾಡಿದ್ದ. "ಚಿಕ್ಕಪ್ಪಾ, ಜೀಪನ್ನ ಅಪ್‌ಗ್ರೇಡ್ ಮಾಡ್ಸೋಣ. ನಾಲ್ಕಿಂಚು ಎತ್ತರಿಸಿ, ಅಗಲದ ಟೈರ್ ಹಾಕಿ, ಡೀಸೆಲ್ ಎಂಜಿನ್ ಕೂರ್ಸೋಣ. ನಿಮ್ಮ ಮನೆ ಹತ್ರನೇ ಮಾಯಾಪುರಿ ಇದೆಯಲ್ಲ, ಎಲ್ಲಾ ಸಿಗುತ್ತಂತೆ." ಅಣ್ಣನದ್ದು ಇನ್ನೊಂದೇ ರಾಗ: "ಗುಜರಿಗೆ ಹಾಕೋಣ ಮಾರಾಯ, ಸಾಕು." ಇಬ್ಬರ ನಡುವೆ ಪಂಚಾಯ್ತಿಗೆ ಸಿಕ್ಕವನು ನಾನು.

ಹುಡುಗ ಹೇಳಿದ್ದರಲ್ಲಿ ಒಂದು ನಿಜ. ಜನಕಪುರಿಯಿಂದ ಮಾಯಾಪುರಿಗೆ ಆಟೋದಲ್ಲಿ ಹೋಗಿಬರುವಷ್ಟೇ ದೂರ. ಹಳೇ ಗಾಡಿಗಳನ್ನು ಬಿಚ್ಚಿ, ಗೇರ್‌ಬಾಕ್ಸ್, ಆಕ್ಸಲ್, ಸ್ಟೀರಿಂಗ್ ಅಂತ ವಿಂಗಡಿಸಿ ರಾಶಿ ಹಾಕಿರುತ್ತಾರೆ. 2019ರ ಏಪ್ರಿಲ್‌ನಲ್ಲಿ ಸೀಲಿಂಗ್ ಗಲಾಟೆ ನಡೆದಾಗ ಇದು ಮುಗಿಯಿತು ಅಂದುಕೊಂಡವರಿದ್ದರು, ಮುಗಿಯಲಿಲ್ಲ. ದಿಲ್ಲಿಯ ಕಾನೂನೇ ಈ ಪೇಟೆಗೆ ಸರಕು ಒದಗಿಸುತ್ತದೆ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿ ಇಲ್ಲಿ ಓಡಬಾರದು ಅಂತ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. 2025ರ ಆಗಸ್ಟ್‌ನಲ್ಲಿ ಸ್ವಲ್ಪ ಸಡಿಲ ಸಿಕ್ಕಿತು. ಡಿಸೆಂಬರ್‌ನಲ್ಲಿ ಅದು ಬಿಎಸ್-4 ಮತ್ತು ಅದಕ್ಕಿಂತ ಹೊಸ ಗಾಡಿಗಳಿಗೆ ಮಾತ್ರ ಅಂತಾಯಿತು. ಬಿಎಸ್ ಅನ್ನೋ ಪದವೇ ಹುಟ್ಟದ ಕಾಲದ ನಮ್ಮ ಜೀಪಿಗೆ ಇಲ್ಲಿ ಜಾಗವಿಲ್ಲ. ಅದು ಮೂಡಿಗೆರೆಯಲ್ಲೇ ಇರಬೇಕು.

ಮೊದಲು ನಾನು ಹುಡುಗನಿಗೆ ಕೇಳಿದ್ದು, ಗಾಡಿ ಓಡಬೇಕಾದ್ದು ಎಲ್ಲಿ ಅಂತ. ತೋಟದ ಮಣ್ಣುರಸ್ತೆ, ಒಂದು ಹಳ್ಳ, ಒಂದು ಕಡಿದಾದ ಇಳಿಜಾರು. ಇಷ್ಟೇ. ಮಂಡಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳ ಹಾಗೆ ದಿನಾ ಬೆಟ್ಟ ಹತ್ತಬೇಕಿಲ್ಲ. ಅಷ್ಟಕ್ಕೆ ಬೇಕಾದ ಶಕ್ತಿ ಅದರಲ್ಲೇ ಇದೆ. ಲೋ ಗೇರಿಗೆ ಹಾಕಿದರೆ ಟ್ರಾನ್ಸ್‌ಫರ್ ಕೇಸು ಎಂಜಿನ್ ಎಳೆತವನ್ನು 2.46 ಪಟ್ಟು ಮಾಡುತ್ತದೆ, ವೇಗ ಅಷ್ಟೇ ಪಾಲು ಕಡಿಮೆಯಾಗುತ್ತದೆ. ಡೀಸೆಲ್ ಎಂಜಿನ್ ಯಾಕೆ?

ಎತ್ತರಿಸುವುದಂತೂ ಬೇಡವೇ ಬೇಡ ಅಂದೆ. ಈ ಗಾಡಿಯ ಆಕ್ಸಲ್‌ಗಳ ನಡುವಿನ ಅಂತರ ಬರೀ 81 ಇಂಚು. ಕ್ಯಾಬಿನ್ ಎತ್ತರ, ಭಾರವೆಲ್ಲ ಮುಂದೆ. ಅಮೆರಿಕದಲ್ಲೇ ಇದು ವಾಲುತ್ತದೆ ಅನ್ನೋ ದೂರು ಇತ್ತು, 1958ರಲ್ಲಿ ಎಡಬಲ ಚಕ್ರಗಳ ನಡುವಿನ ಅಗಲ ಹೆಚ್ಚಿಸಿದರು. ಅಂಥದ್ದನ್ನು ಇನ್ನೂ ನಾಲ್ಕಿಂಚು ಮೇಲಕ್ಕೆತ್ತಿದರೆ ಅಡ್ಡ ಇಳಿಜಾರಿನಲ್ಲಿ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಅಗಲದ ಟೈರೂ ಅಷ್ಟೇ. ನಮ್ಮ ಮಳೆಗಾಲದ ಜಾರು ಮಣ್ಣಿನಲ್ಲಿ ಸಣ್ಣ ಟೈರು ಕೆಸರು ಸೀಳಿ ಗಟ್ಟಿ ನೆಲ ಹಿಡಿಯುತ್ತದೆ, ಅಗಲದ್ದು ಮೇಲೇ ತೇಲುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಬ್ರೇಕು! ಸಾಲ ಕೊಡುವುದು ಸುಲಭ, ವಸೂಲಿಯಲ್ಲೇ ಇರೋದು ಕಷ್ಟ ಅಂತ ನಮ್ಮ ಬ್ಯಾಂಕಿನಲ್ಲಿ ಎಲ್ಲರಿಗೂ ಗೊತ್ತು. ಗುಡ್ಡವೂ ಹಾಗೇ. ಹತ್ತುವಾಗ ಸೋತರೆ ಗಾಡಿ ನಿಂತೀತು, ಇಳಿಯುವಾಗ ಸೋತರೆ ನಿಲ್ಲುವುದಿಲ್ಲ. ಎರಡು ವರ್ಷದ ಹಿಂದೆ ಪಕ್ಕದ ತೋಟದ ಹಳೇ ಜೀಪು ಇಳಿಜಾರಿನಲ್ಲಿ ಬ್ರೇಕ್ ಹೋಸ್ ಒಡೆದು ಸಿಲ್ವರ್ ಮರಕ್ಕೆ ಗುದ್ದಿ ನಿಂತಿತು. ಡ್ರೈವರ್ ಕಾಲು ಇವತ್ತಿಗೂ ನೆಟ್ಟಗಾಗಿಲ್ಲ. ಕಾರಣ ಸರಳ. ಹಳೇ ಮಾಸ್ಟರ್ ಸಿಲಿಂಡರಿನಲ್ಲಿ ಎಣ್ಣೆಗೆ ಒಂದೇ ದಾರಿ. ಎಲ್ಲಿ ಒಡೆದರೂ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಗುತ್ತದೆ. ಎರಡು ದಾರಿಯ ಸಿಲಿಂಡರ್ ಹಾಕಿದರೆ ಮುಂದಿನದೋ ಹಿಂದಿನದೋ, ಒಂದು ಉಳಿಯುತ್ತದೆ.

ಹಾಗಾಗಿ ನನ್ನ ಪಟ್ಟಿ ಚಿಕ್ಕದಾಯಿತು. ಎರಡು ದಾರಿಯ ಮಾಸ್ಟರ್ ಸಿಲಿಂಡರ್, ಹೊಸ ಹೋಸು, ಹೊಸ ಲೈನಿಂಗ್, ಪಟ್ಟಾ ಸ್ಪ್ರಿಂಗಿಗೆ ಹೊಸ ಬುಷ್, ಸೀಟ್ ಬೆಲ್ಟ್, ಒಳ್ಳೇ ಹಿಡಿತದ ಸಣ್ಣ ಟೈರು. ಮಾಯಾಪುರಿಯಲ್ಲಿ ಕಬ್ಬಿಣ ಕೊಳ್ಳಬಹುದು, ರಬ್ಬರು ಕೊಳ್ಳಬಾರದು. ಸವೆದ ಗೇರಿಗೆ ಬದಲಿ ಅಲ್ಲಿಂದ ತಂದೆ, ಬ್ರೇಕಿನ ಸಾಮಾನೆಲ್ಲ ಕಾಶ್ಮೀರಿ ಗೇಟಿನಲ್ಲಿ ಹೊಸದು. ಓಡಿಸುವವನಿಗೂ ನಾಲ್ಕು ಮಾತು ಬರೆದು ಕಳಿಸಿದೆ: ಖಾಲಿ ತೊಟ್ಟಿ ಇದ್ದಾಗ ಎರಡು ಮರಳಿನ ಚೀಲ ಹಾಕಿ ಕಟ್ಟು, ಇಳಿಯುವಾಗ ಲೋ ಗೇರಿನಲ್ಲೇ ಇಳಿ, ಹಳ್ಳ ದಾಟಿದ ಮೇಲೆ ಬ್ರೇಕ್ ಮೆಲ್ಲಗೆ ಒತ್ತಿ ಡ್ರಮ್ ಒಣಗಿಸು, ತೊಟ್ಟಿಯಲ್ಲಿ ಆಳುಗಳನ್ನು ಕೂರಿಸಬೇಡ.

ಅಂದ ಹಾಗೆ, ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಮಾಡಿಸಬಹುದು. 2021ರ ನಿಯಮದ ಪ್ರಕಾರ ಇಪ್ಪತ್ತು ಸಾವಿರ ರೂಪಾಯಿ ಶುಲ್ಕ. ಆದರೆ ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಪ್ರದರ್ಶನ, ರ‍್ಯಾಲಿಗಳಿಗೆ ಬಿಟ್ಟರೆ ದಿನನಿತ್ಯ ಓಡಿಸುವಂತಿಲ್ಲ. ಹಾಗಂತ ಮಾಮೂಲಿ ನೋಂದಣಿಯಲ್ಲೂ ಮನಸ್ಸಿಗೆ ಬಂದ ಹಾಗೆ ಗಾಡಿ ಬದಲಾಯಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಹೇಳಿದೆ. ಬ್ರೇಕಿನ ಕೆಲಸಕ್ಕೂ ಆರ್‌ಟಿಓ ಕಚೇರಿಯಲ್ಲಿ ಕೇಳಿಯೇ ಕೈ ಹಾಕು ಅಂದೆ.

ವಿಂಟೇಜ್ ಪ್ಲೇಟಿನ ವಿಷಯ ಕೇಳಿ ಅಣ್ಣ ನಕ್ಕ. "ಮೆರವಣಿಗೆಗೆ ನಿಲ್ಲಿಸೋಕೆ ಅದೇನು ಮದುಮಗನಾ? ಚೀಲ ಹೊರಲಿ ಬಿಡು." ಗುಜರಿ ಮಾತು ಆಮೇಲೆ ಎತ್ತಲಿಲ್ಲ. ಈ ಸಲ ಕಾಫಿ ಕುಯಿಲಿನಲ್ಲಿ ಜೀಪು ಚೀಲ ಹೊತ್ತಿದೆ. ನಾಲ್ಕಿಂಚು ಸಿಗಲಿಲ್ಲ ಅಂತ ಹುಡುಗನಿಗೆ ಸ್ವಲ್ಪ ಬೇಜಾರಿದೆ, ಇರಲಿ. ಇಳಿಜಾರಿನಲ್ಲಿ ಪೆಡಲ್ ಒತ್ತಿದರೆ ಈಗ ಕಾಲಿಗೆ ಗಟ್ಟಿ ಸಿಗುತ್ತದಂತೆ. ದಿಲ್ಲಿಯಲ್ಲಿ ಕೂತವನಿಗೆ ಅಷ್ಟು ಕೇಳಿದರೆ ನಿದ್ದೆ ಬರುತ್ತದೆ.