ಒಂದು ಗಂಟೆ ಕತ್ತಲೆಗೆ ಎಷ್ಟು ಮುದ್ದೆ?

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ದೀಪ ಒಮ್ಮೆ ಕಣ್ಣು ಮಿಟುಕಿಸುತ್ತದೆ, ಕೆಳಗೆಲ್ಲೋ ಜನರೇಟರು ಕೆಮ್ಮಿ ಎದ್ದು ಕೂರುತ್ತದೆ, ಅಷ್ಟೆ. ಮೊಬೈಲಿನಿಂದ ಒಬ್ಬರೂ ತಲೆ ಎತ್ತುವುದಿಲ್ಲ. ತಿಂಗಳ ಕೊನೆಗೆ ಮೇಂಟೆನೆನ್ಸ್ ಬಿಲ್ಲಿನಲ್ಲಿ ‘ಡೀಸೆಲ್’ ಎಂಬ ಸಾಲು ಕಂಡಾಗ ಮಾತ್ರ, ಓಹೋ, ಈ ಸಲ ಇಷ್ಟು ರೂಪಾಯಿಯ ಕತ್ತಲೆ ಆಗಿತ್ತು ಅಂತ ತಿಳಿಯುತ್ತದೆ.

ಮಂಡ್ಯ ಜಿಲ್ಲೆಯ ಸಿಂಧಘಟ್ಟದಲ್ಲಿ ಬೆಳೆದ ನನಗೆ ಕತ್ತಲೆಯ ಲೆಕ್ಕ ರೂಪಾಯಿಯಲ್ಲಿ ಒಗ್ಗುವುದಿಲ್ಲ. ನಮ್ಮದು ಮುದ್ದೆ ಲೆಕ್ಕ.

ಹಿಟ್ಟಿನ ಮಿಲ್ಲಿಗೆ ರಾಗಿ ಹೊರುವುದು ಆಗ ನನ್ನ ಪಾಲಿನ ಕೆಲಸ. ನನ್ನ ಸರದಿ ಬರುವ ಹೊತ್ತಿಗೇ ಬೆಲ್ಟಿನ ಸದ್ದು ದಪ್ಪಗಾಗಿ, ಗೊರಗೊರ ಎಂದು ನಿಂತುಹೋಗುತ್ತಿತ್ತು. ಕಲ್ಲುಗಳ ನಡುವೆ ಸಿಕ್ಕಿಬಿದ್ದದ್ದು ಅತ್ತ ರಾಗಿಯೂ ಅಲ್ಲ, ಇತ್ತ ಹಿಟ್ಟೂ ಅಲ್ಲ. ಮಿಲ್ಲಿನವನು ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು, “ಡಬ್ಬ ಮಡಗಿ ಹೋಗ್ಲಾ, ಬಂದಾಗ ಬೀಸ್ಕೊಡ್ತೀನಿ” ಅನ್ನುತ್ತಿದ್ದ. ನಮ್ಮ ಬದಲು ಡಬ್ಬಗಳು ಸಾಲಿನಲ್ಲಿ ನಿಲ್ಲುತ್ತಿದ್ದವು: ಎಣ್ಣೆ ಡಬ್ಬ, ಡಾಲ್ಡಾ ಡಬ್ಬ, ಮುಚ್ಚಳವಿಲ್ಲದ್ದಕ್ಕೆ ಟವಲ್ಲು. ರಾತ್ರಿ ಹನ್ನೊಂದಕ್ಕೆ ಕರೆಂಟು ಬಂದರೆ ಮಿಲ್ಲು ಹನ್ನೊಂದಕ್ಕೇ ಶುರು. ನಿದ್ದೆಗಣ್ಣಲ್ಲಿ ಹೊತ್ತು ತಂದ ಹಿಟ್ಟು ಹೆಗಲ ಮೇಲೆ ಎಳೆಗರುವಿನ ಹಾಗೆ ಬೆಚ್ಚಗಿರುತ್ತಿತ್ತು.

ಅಷ್ಟರಲ್ಲಿ ಮನೆಯಲ್ಲಿ ಊಟ ಮುಗಿದಿರುತ್ತಿತ್ತು, ಬರೀ ಅನ್ನದ ಊಟ. ಅಪ್ಪ ತಟ್ಟೆ ನೋಡಿ, ಸೂರು ನೋಡಿ, “ಇವತ್ತೇನು ಉಪಾಸನಾ?” ಅನ್ನುತ್ತಿದ್ದ. ಅವ್ವ ಬುಡ್ಡಿಯ ಬತ್ತಿ ಮೇಲೆತ್ತುತ್ತಾ, “ಕರೆಂಟೇನು ನಮ್ಮಪ್ಪನ ಮನೇದಾ? ಬಂದ್ರೆ ಬತ್ತದೆ, ಹೋದ್ರೆ ಹೋಯ್ತದೆ. ಉಣ್ಣಿ ಸುಮ್ಕೆ” ಅನ್ನುತ್ತಿದ್ದಳು.

ಅವ್ವನ ಮಾತು ತಪ್ಪು ಅಂತ ಆಮೇಲೆ ಓದಿ ತಿಳಿಯಿತು. ಒಂದು ಲೆಕ್ಕದಲ್ಲಿ ಕರೆಂಟು ನಮ್ಮಪ್ಪನ ಮನೆಯದೇ. 1902ರಲ್ಲಿ ಅದು ಹುಟ್ಟಿದ್ದು ನಮ್ಮದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ. ಹುಟ್ಟಿದ ಕೂಡಲೇ ತವರಲ್ಲಿ ಒಂದು ದಿನವೂ ನಿಲ್ಲದೆ, ನೂರೈವತ್ತು ಕಿಲೋಮೀಟರಿನಷ್ಟು ದೂರ ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ‘ದೀಪದ ಬುಡದಲ್ಲಿ ಕತ್ತಲೆ’ ಎಂಬ ಗಾದೆ ಕಟ್ಟಿದವರು ಮಂಡ್ಯ ಸೀಮೆಯವರೇ ಇರಬೇಕು.

ಇನ್ನು ನಮ್ಮ ಲೈನ್‌ಮನ್. ಸೈಕಲ್ಲು, ಹೆಗಲಿಗೆ ಹಗ್ಗ, ಕೈಯಲ್ಲಿ ಕಟಿಂಗ್ ಪ್ಲೇರು. ಲೈನಿನಲ್ಲಿ ಎಲ್ಲೋ ದೋಷವಾದರೆ ಅವನು ಅರ್ಧ ದಾರಿಯ ಕಂಬದಲ್ಲಿ ಸ್ವಿಚ್ಚು ಎಳೆದು, ಸಬ್‌ಸ್ಟೇಷನ್ನಿಗೆ ಹೇಳಿಸಿ ಚಾರ್ಜ್ ಮಾಡಿಸುತ್ತಿದ್ದ. ಕರೆಂಟು ಉಳಿದರೆ ದೋಷ ಆಚೆಗಿದೆ, ಟ್ರಿಪ್ ಆದರೆ ಈಚೆಗಿದೆ. ಆಮೇಲೆ ಉಳಿದರ್ಧದಲ್ಲಿ ಮತ್ತೆ ಅರ್ಧ. ಅಷ್ಟರಲ್ಲಿ ಹುಡುಗರು ಓಡಿಬಂದು, “ಅಣ್ಣೋ, ಕೆರೆ ಏರಿ ಕಂಬದ ಮೇಲೆ ಕಾಗೆ ಸತ್ತದೆ!” ಎಂದು ಕೂಗುತ್ತಿದ್ದರು. ಜಂಪು ತಂತಿ ಕಟ್ಟಿ ಇಳಿದವನಿಗೆ ನಮ್ಮ ಮನೆಯಲ್ಲಿ ಮಜ್ಜಿಗೆ.

ಈಗ ನಗರಗಳಲ್ಲಿ ಕೋಟಿಗಟ್ಟಲೆ ಸುರಿದು ಹಾಕುತ್ತಿರುವ ಯಂತ್ರಗಳು ಮಾಡುವುದೂ ಇದನ್ನೇ. ಬೆಂಗಳೂರಿನ ಫುಟ್‌ಪಾತಿನಲ್ಲಿ ನಾವು ಬಳಸಿಕೊಂಡು ಹೋಗುವ ಕಬ್ಬಿಣದ ಪೆಟ್ಟಿಗೆಗಳಲ್ಲಿ ‘ರಿಂಗ್ ಮೇನ್ ಯೂನಿಟ್’ ಅಂತ ಒಂದಿದೆ. ದೋಷವಿರುವ ತುಂಡನ್ನು ದೂರದ ಕಂಟ್ರೋಲ್ ರೂಮಿನಿಂದಲೇ ಬೇರ್ಪಡಿಸಿ, ಉಳಿದವರಿಗೆ ಉಂಗುರದ ಹಾಗೆ ಸುತ್ತಿಬರುವ ಲೈನಿನ ಇನ್ನೊಂದು ಕಡೆಯಿಂದ ಕರೆಂಟು ತಿರುಗಿಸಬಹುದು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವೂ ಮೈಸೂರು ನಗರದ ಒಂದು ವಿಭಾಗದಲ್ಲಿ ಸುಮಾರು 21 ಸಾವಿರ ಗ್ರಾಹಕರನ್ನು ಸೇರಿಸಿಕೊಂಡು ಸ್ಮಾರ್ಟ್ ಗ್ರಿಡ್ ಪ್ರಯೋಗ ನಡೆಸಿತು. ಸ್ಮಾರ್ಟ್ ಮೀಟರು ಇದ್ದರೆ ಕರೆಂಟು ಹೋದ ಸುದ್ದಿಯನ್ನು ಆ ಮೀಟರೇ ಕಚೇರಿಗೆ ಮುಟ್ಟಿಸುತ್ತದೆ. ಕಾಗೆ ಸತ್ತ ಸುದ್ದಿ ತರಲು ಹುಡುಗರು ಬೇಡ, ಮಜ್ಜಿಗೆಯೂ ಬೇಡ.

ಆದರೆ ಉಂಗುರ ತೊಡಿಸಲು ಬೆರಳು ಬೇಕು. ಹಳ್ಳಿಯ ಲೈನು ಸಾಮಾನ್ಯವಾಗಿ ಬಾಲದ ಹಾಗೆ, ಒಂದೇ ಕಡೆಯಿಂದ ಹೊರಟು ಗದ್ದೆ ಬಯಲಲ್ಲಿ ಮುಗಿಯುತ್ತದೆ. ನಡುವೆ ತುಂಡಾದರೆ ಕರೆಂಟು ತಿರುಗಿಸೋಣವೆಂದರೆ ಇನ್ನೊಂದು ಕಡೆಯೇ ಇರುವುದಿಲ್ಲ. ಎರಡನೆಯ ದಾರಿ ಹಾಕಬೇಕಾದರೆ ಲಾಭ ನಷ್ಟ ನೋಡುತ್ತಾರೆ. ಸಿಕ್ಕ ಯೂನಿಟ್ಟಿನ ಬೆಲೆಗಿಂತ ಸಿಗದ ಯೂನಿಟ್ಟಿನ ನಷ್ಟ ಎಷ್ಟೋ ಪಟ್ಟು ಹೆಚ್ಚು ಅನ್ನುತ್ತಾರೆ ಲೆಕ್ಕ ಬಲ್ಲವರು. ಕಾರ್ಖಾನೆ, ಆಸ್ಪತ್ರೆ, ಮಾಲು ಎಲ್ಲ ಆ ಲೆಕ್ಕಕ್ಕೆ ಸಲೀಸಾಗಿ ಬರುತ್ತವೆ. ಮುದ್ದೆಗೆ ಅಲ್ಲಿ ಕಾಲಂ ಇಲ್ಲ.

ಕಾಯುವ ಹೊತ್ತಿನಲ್ಲೂ ಪೇಟೆಗೊಂದು, ಹಳ್ಳಿಗೊಂದು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2004ರಲ್ಲಿ ಹೊರಡಿಸಿದ ಸೇವಾ ಮಾನದಂಡದಲ್ಲಿ ಫ್ಯೂಸು ಹೋದರೆ ನಗರ ಪಟ್ಟಣಗಳಿಗೆ 6 ಗಂಟೆ, ಹಳ್ಳಿಗೆ 24 ಗಂಟೆ. ಟೀಸಿ, ಅಂದರೆ ಟ್ರಾನ್ಸ್‌ಫಾರ್ಮರು, ಕೆಟ್ಟರೆ ನಗರಕ್ಕೆ 24, ಹಳ್ಳಿಗೆ 72. ಮನೆಗೆ ನಾಲ್ಕು ಜನ, ದಿನಕ್ಕೆ ಎರಡು ಹೊತ್ತು, ಮೂರು ದಿನ ಅಂದರೆ ಒಂದು ಟೀಸಿಗೆ, ಒಂದು ಮನೆಗೆ 24 ಮುದ್ದೆ.

ಹಾಗಂತ ಆ ಕತ್ತಲೆಯೆಲ್ಲ ನಷ್ಟದ ಬಾಬ್ತೇ ಅಂದರೆ ನಾನು ಸುಳ್ಳು ಹೇಳಿದ ಹಾಗೆ. ಕರೆಂಟು ಹೋದರೆ ಬೀದಿಗೆ ಬೀದಿಯೇ ಜಗಲಿಗೆ ಬರುತ್ತಿತ್ತು. ಮಾತು ಬಿಟ್ಟಿದ್ದ ದಾಯಾದಿಗಳು ಕತ್ತಲೆಯಲ್ಲಿ ಮುಖ ಕಾಣದ ಧೈರ್ಯಕ್ಕೆ ಮಾತಾಡಿಬಿಡುತ್ತಿದ್ದರು. ಬೆಳಕು ಬಂದ ಕೂಡಲೇ “ಹೋ” ಎಂದು ಕೂಗಿ ಎಲ್ಲರೂ ಒಳಗೆ ಓಡಿದ ಮೇಲೆ ಜಗಲಿಗೆ ಏನೋ ಬಣಗುಟ್ಟಿದ ಹಾಗಾಗುತ್ತಿತ್ತು.

ಮೊನ್ನೆ ಫೋನಿನಲ್ಲಿ ಅವ್ವ, “ನಿಮ್ಮಲ್ಲಿ ಕರೆಂಟು ಹೋದ್ರೆ ಏನ್ ಮಾಡ್ತೀರ್ಲಾ ಮೊಗ?” ಎಂದು ಕೇಳಿದಳು. “ಏನೂ ಮಾಡಲ್ಲ ಕನವ್ವಾ, ಗೊತ್ತೇ ಆಗಲ್ಲ” ಅಂದೆ. “ಅಯ್ಯೋ ಪಾಪ” ಅಂದಳು.

ಗ್ರಿಡ್ಡಿನ ಯೋಜನೆ ಹಾಕುವವರಲ್ಲಿ ನನ್ನದೊಂದೇ ಬಿನ್ನಹ. ಜಗಲಿಯನ್ನು ನೀವು ತಂದುಕೊಡಲಾರಿರಿ, ಕೇಳುವುದೂ ಇಲ್ಲ. ಆದರೆ ಕತ್ತಲೆಗೆ ಬೆಲೆ ಕಟ್ಟುವ ದಿನ ಮಿಲ್ಲಿನ ಮುಂದೆ ಸಾಲಾಗಿ ಕೂತ ಡಬ್ಬಗಳನ್ನೂ ಎಣಿಸಿಕೊಳ್ಳಿ.