ಗಣಪ ಒಂದೂ ತಿಂದಿಲ್ಲ

ನೈವೇದ್ಯಕ್ಕಿಟ್ಟ ಕಡುಬನ್ನು ಪೂಜೆ ಮುಗಿದ ಮೇಲೆ ಎಣಿಸುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಶುರು ಮಾಡಿದವಳು ಮೊಮ್ಮಗಳು. ನಾಲ್ಕು ವರ್ಷದವಳು, ಅವಳ ಎಣಿಕೆ ಹದಿಮೂರಾದ ಮೇಲೆ ನೇರ ಹದಿನೈದಕ್ಕೆ ಹಾರುತ್ತದೆ. ಆದರೂ ತೀರ್ಪು ಖಡಾಖಂಡಿತ: "ಅಜ್ಜೀ, ಗಣಪ ಒಂದೂ ತಿಂದಿಲ್ಲ. ನಿನ್ನ ಕಡುಬು ಅವನಿಗೆ ಇಷ್ಟ ಆಗಿಲ್ಲ."

ಕಡುಬಿನ ವಿಷಯದಲ್ಲಿ ನನ್ನ ಹೆಂಡತಿ ಗಣಪನಿಂದಲೂ ಟೀಕೆ ಸಹಿಸುವವಳಲ್ಲ. "ದೇವರು ನಮ್ಮ ಹಾಗೆ ಬಾಯಲ್ಲಿ ತಿನ್ನಲ್ಲ ಕಣೇ, ಕಣ್ಣಲ್ಲೇ ಉಣ್ತಾನೆ" ಎಂದಳು. ಒಳ್ಳೆಯ ಉತ್ತರವೇ. ರಾತ್ರಿ ಊಟದ ಹೊತ್ತಿಗೆ ಅದು ತಿರುಗುಬಾಣವಾಯಿತು. ಪುಟ್ಟಿ ತಟ್ಟೆಯಲ್ಲಿದ್ದ ಹುರುಳಿಕಾಯಿ ಪಲ್ಯವನ್ನು ರೆಪ್ಪೆ ಬಡಿಯದೆ ನೋಡಿದಳು, ಸುಳ್ಳು ತೇಗು ತೇಗಿದಳು, ಎದ್ದಳು. "ಕಣ್ಣಲ್ಲೇ ಉಂಡೆ."

ಮಾರನೆಯ ದಿನ ಮಣ್ಣಿನ ಗಣಪನನ್ನು ಬಕೆಟ್ಟಿನಲ್ಲಿ ಬಿಟ್ಟೆವು. ಕರಗಿದ ಮಣ್ಣು ತುಳಸಿ ಕುಂಡಕ್ಕೆ ಹೋಯಿತು. ತುಳಸಿಗೆ ಸೊಂಡಿಲು ಯಾವಾಗ ಬರುತ್ತೆ ಎಂಬ ವಿಚಾರಣೆ ಒಂದಷ್ಟು ದಿನ ನಡೆಯಿತು.

ಇದನ್ನೆಲ್ಲ ನಾಸ್ತಿಕತೆಯ ಮೊಳಕೆ ಎಂದು ಗಾಬರಿಯಾಗುವ ಹಿರಿಯರಿದ್ದಾರೆ. "ತಪ್ಪು ತಪ್ಪು ಅನ್ನು, ಚಾಮಿ ಕಣ್ಣು ಕುತ್ತುತ್ತೆ" ಎಂದು ಕೆನ್ನೆ ಬಡಿಸುತ್ತಾರೆ. ನನಗೆ ನೆನಪಾಗುವುದು ಹರಿಹರನ ರಗಳೆಯ ಕೋಳೂರು ಕೊಡಗೂಸು. ಅಪ್ಪ ಊರಲ್ಲಿಲ್ಲದಾಗ ಶಿವನಿಗೆ ಹಾಲು ಕೊಡುವ ಕೆಲಸ ಆ ಹುಡುಗಿಯ ಪಾಲಿಗೆ ಬಂತು. ಕೊಟ್ಟರೆ ಕುಡಿಯುತ್ತಾನೆ ಎಂದೇ ಅವಳ ಎಣಿಕೆ. ಕುಡಿಯದಿದ್ದಾಗ ರಮಿಸಿದಳು, ಅತ್ತಳು, ಕೊನೆಗೆ ತಲೆ ಚಚ್ಚಿಕೊಳ್ಳುತ್ತೇನೆಂದು ಹೆದರಿಸಿದಳು. ಶಿವ ಗತ್ಯಂತರವಿಲ್ಲದೆ ಕುಡಿದ. ಊರಿಂದ ಬಂದ ಅಪ್ಪ ಮಾತ್ರ ನಂಬಲಿಲ್ಲ. ಅಷ್ಟು ವರ್ಷ ಭಕ್ತಿಯಿಂದ ಹಾಲಿಟ್ಟವನು ಅವನೇ ಎಂಬುದನ್ನು ಮರೆಯಬಾರದು.

ದೊಡ್ಡವರೂ ಒಮ್ಮೆ ಹೀಗೆ ಪರೀಕ್ಷೆಗಿಳಿದದ್ದುಂಟು. 1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿಯುತ್ತಾನೆಂದು ಸುದ್ದಿ ಹಬ್ಬಿ, ದೇಶದ ತುಂಬ ಜನ ಚಮಚ ಹಿಡಿದು ದೇವಸ್ಥಾನಗಳ ಮುಂದೆ ಸಾಲುಗಟ್ಟಿದರು. ದ್ರವದ ಮೇಲ್ಮೈ ಸೆಳೆತ ಎಂದು ವಿಜ್ಞಾನಿಗಳು ವಿವರಿಸಿದರು. ದಿನಾ ನೈವೇದ್ಯ ಇಡುವವರೇ, ದೇವರು ಅದನ್ನು ಮುಟ್ಟಿದನೆಂಬ ಸುದ್ದಿಗೆ ಅಷ್ಟೊಂದು ಬೆರಗಾದರಲ್ಲ! ಪುಟ್ಟಿಯಾಗಿದ್ದರೆ "ಸಕ್ಕರೆ ಹಾಕಿದ್ರಾ?" ಎಂದಷ್ಟೇ ಕೇಳುತ್ತಿದ್ದಳು.

ಶ್ರವಣಬೆಳಗೊಳಕ್ಕೆ ಅವಳನ್ನು ಕರೆದುಕೊಂಡು ಹೋಗುವಾಗ ನಮಗೆಲ್ಲ ಒಂದೇ ಅಳುಕು: ಬಟ್ಟೆಯ ವಿಷಯ ಎತ್ತಿದರೆ? ಅವಳ ಅಪ್ಪ ದಾರಿಯುದ್ದಕ್ಕೂ ತ್ಯಾಗ, ವೈರಾಗ್ಯ ಎಂದು ಉತ್ತರ ಕಟ್ಟಿಕೊಂಡಿದ್ದ. 600ಕ್ಕೂ ಹೆಚ್ಚು ಮೆಟ್ಟಿಲನ್ನು ಅರ್ಧ ನಡೆದು, ಅರ್ಧ ಅವನ ಹೆಗಲೇರಿ ಬಂದ ಪುಟ್ಟಿ, 58 ಅಡಿ ಎತ್ತರದ ಗೊಮ್ಮಟನನ್ನು ಕತ್ತು ಹಿಂದಕ್ಕೆ ಬಾಗಿಸಿ ನೋಡಿದಳು. ಬಟ್ಟೆಯ ಮಾತೇ ಬರಲಿಲ್ಲ. ಕಾಲು ತೋಳುಗಳನ್ನು ಸುತ್ತಿದ ಬಳ್ಳಿ ಅವಳ ಕಣ್ಣಿಗೆ ಬಿದ್ದಿತ್ತು. "ತಾತಾ, ಅದು ಕಚಗುಳಿ ಇಡಲ್ವಾ?" ತುಸು ಯೋಚಿಸಿ ತಾನೇ ಹೇಳಿದಳು: "ಅದಕ್ಕೇ ನಗ್ತಿದಾನೆ." ಆ ಮುಗುಳ್ನಗೆಯ ಬಗ್ಗೆ ಎಷ್ಟೋ ಘನ ವ್ಯಾಖ್ಯಾನ ಓದಿದ್ದೇನೆ. ಈಗ ಅವು ಯಾವುವೂ ನೆನಪಿಗೆ ಬರುವುದಿಲ್ಲ.

ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ, ಹಾಲು, ಅರಿಸಿನ, ಕಬ್ಬಿನ ಹಾಲು, ಗಂಧ ಎಲ್ಲ ಸುರಿಯುತ್ತಾರೆ, ಹಿಂದಿನದು 2018ರಲ್ಲಿ ಆಗಿತ್ತು ಎಂದು ನಾನು ಉತ್ಸಾಹದಿಂದ ಹೇಳಿದೆ. ಹೇಳಬಾರದಿತ್ತು. ಭಾನುವಾರ ಎಣ್ಣೆ ಬಟ್ಟಲು ಹಿಡಿದು ಬಂದ ಅಮ್ಮನಿಗೆ ಅವಳು ತಿಳಿಸಿದಳು: "ನಂಗೂ ಹನ್ನೆರಡು ವರ್ಷಕ್ಕೊಂದ್ಸಲ ಸಾಕು."

ಡಿಸೆಂಬರಿನಲ್ಲಿ ಪಕ್ಕದ ಮನೆಯವರು ಕ್ರಿಸ್‌ಮಸ್ ಗೋದಲಿ ಕಟ್ಟಿದರು. ಹುಲ್ಲು, ದನ, ಕುರಿ, ನಡುವೆ ಮಲಗಿದ ಕೂಸು. ಪುಟ್ಟಿಗೆ ಗುರುತು ಹತ್ತಲು ಕ್ಷಣವೂ ಬೇಕಾಗಲಿಲ್ಲ. "ಆಂಟಿ, ದನ ಇದೆ, ಪಾಪು ಇದೆ, ಬೆಣ್ಣೆ ಎಲ್ಲಿ?" ಆಂಟಿ ನಕ್ಕು ಸುಮ್ಮನಾಗಬಹುದಿತ್ತು. ಸಂಜೆ ನೋಡಿದರೆ ಕೂಸಿನ ಪಕ್ಕ ಪುಟ್ಟ ಬಟ್ಟಲಲ್ಲಿ ಬೆಣ್ಣೆ. ಸರ್ವಧರ್ಮ ಸಮ್ಮೇಳನಗಳ ಭಾಷಣ ಬಹಳ ಕೇಳಿದ್ದೇನೆ. ಬೆಣ್ಣೆ ತಂದವರನ್ನು ಕಂಡಿರಲಿಲ್ಲ.

ಎಲ್ಲ ಪ್ರಶ್ನೆಗೂ ಬೆಣ್ಣೆ ಸಿಗುವುದಿಲ್ಲ. ಬಡಕಲು ಹಸುಗಳನ್ನು ದಾನ ಕೊಡುತ್ತಿದ್ದ ಅಪ್ಪನನ್ನು "ನನ್ನನ್ನು ಯಾರಿಗೆ ಕೊಡುತ್ತೀ?" ಎಂದು ನಚಿಕೇತ ಕೇಳಿಯೇ ಕೇಳಿದ, "ಯಮನಿಗೆ" ಎಂದು ಅಪ್ಪ ರೇಗಿದ. ಕಠೋಪನಿಷತ್ತು ಶುರುವಾಗುವುದೇ ಒಬ್ಬ ಅಪ್ಪನ ತಾಳ್ಮೆ ಕೆಟ್ಟಲ್ಲಿಂದ. ನಮ್ಮ ಮನೆಯ ಅಪ್ಪ ರೇಗುವುದಿಲ್ಲ, ಮೊಬೈಲು ಕೊಟ್ಟುಬಿಡುತ್ತಾನೆ. ಯಮನೇ ವಾಸಿ ಅನ್ನಿಸುವುದುಂಟು. ಅವನಾದರೂ ಕೂತು ಉತ್ತರ ಹೇಳಿದ.

ಮೊನ್ನೆ ಮೊಬೈಲಿನ ಚಾರ್ಜು ಮುಗಿದಿತ್ತು. ಹೂ ಕಟ್ಟುತ್ತಿದ್ದ ಅಜ್ಜಿಯ ಹತ್ತಿರ ಪುಟ್ಟಿ ಬಂದು ಕೂತಳು.

"ಅಜ್ಜೀ, ನಾವು ದೇವರಿಗೆ ಕೈ ಮುಗೀತೀವಿ. ದೇವರು ಯಾರಿಗೆ ಮುಗೀತಾನೆ?"

"ಅವನ ಅಮ್ಮನಿಗೆ."

"ಅವನ ಅಮ್ಮ?"

"ಅವಳಮ್ಮನಿಗೆ."

ಪುಟ್ಟಿ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಅಂದ್ರೆ ಅದು ಅಜ್ಜಿ! ಎಲ್ಲಾ ದೇವ್ರಿಗಿಂತ ದೊಡ್ಡೋಳು ಅಜ್ಜಿ!"

ಹೆಂಡತಿ ತಿದ್ದಲು ಹೋಗಲಿಲ್ಲ. ನನ್ನ ಕಡೆ ಒಮ್ಮೆ ನೋಡಿ, ಕಾಫಿ ಲೋಟ ತೊಳೆದಿಡಲು ಹೇಳಿದಳು.