ಹಾಲಿನ ಲೋಟದೊಳಗಿನ ಮಾತ್ರೆ

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯರು ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಆ ಹಾಲಿನಲ್ಲಿ ರೋಗಿಗೆ ತಿಳಿಯದಂತೆ ಮಾತ್ರೆಯ ಪುಡಿ ಕದಡಿದ್ದರೆ?

ಹಲಸೂರಿನ ಪಕ್ಕದ ಮರ್ಫಿ ಟೌನ್, ಅಂದರೆ ಹಿಂದಿನವರ ನಾಕ್ಸ್‌ಪೇಟೆಯ ಒಂದು ಮನೆಯಲ್ಲಿ ರಕ್ತದೊತ್ತಡವಿರುವ ಅಜ್ಜಿಯೊಬ್ಬರು ಇದ್ದಾರೆಂದುಕೊಳ್ಳಿ. ‘ಇದೇನು ಮಾತ್ರೆ ಸಿಸ್ಟರ್?’ ಎಂದು ಅವರು ಕೇಳುತ್ತಾರೆ. ‘ಶಕ್ತಿ ಮಾತ್ರೆ ಅಜ್ಜಿ, ನುಂಗಿಬಿಡಿ’ ಎಂಬ ಉತ್ತರ ಬರುತ್ತದೆ. ಮನೆಯವರಿಗೂ ಸಮಾಧಾನ. ಆದರೆ ಮೈಯಲ್ಲಿ ಶಕ್ತಿ ಬಂತು ಎನಿಸಿದ ದಿನ ಅಜ್ಜಿ ಮಾತ್ರೆ ನಿಲ್ಲಿಸುತ್ತಾರೆ. ರಕ್ತದೊತ್ತಡವೋ ಸದ್ದಿಲ್ಲದೆ ಏರುವಂಥದು. ಅಮ್ಲೋಡಿಪಿನ್ ಮಾತ್ರೆಯಿಂದ ಕೆಲವರಿಗೆ ಕಾಲು ಊದಿಕೊಳ್ಳುವುದುಂಟು. ಅದನ್ನು ಶಕ್ತಿ ಮಾತ್ರೆಯೆಂದು ನಂಬಿದವರು ಆ ಊತದ ಕಾರಣವನ್ನು ಊಹಿಸುವುದಾದರೂ ಹೇಗೆ?

ಕದ್ದು ಬೆರೆಸುವುದರಲ್ಲಿ ರಸಾಯನಶಾಸ್ತ್ರದ ಅಪಾಯವೂ ಇದೆ. ನಿಧಾನವಾಗಿ ಕರಗಲೆಂದು ತಯಾರಿಸಿದ ಮಾತ್ರೆಯನ್ನು ಕುಟ್ಟಿ ಪುಡಿ ಮಾಡಿದರೆ, ದಿನವಿಡೀ ಸ್ವಲ್ಪಸ್ವಲ್ಪವಾಗಿ ಸೇರಬೇಕಾದ ಔಷಧಿ ಒಮ್ಮೆಲೇ ರಕ್ತಕ್ಕೆ ನುಗ್ಗಬಹುದು. ಟೆಟ್ರಾಸೈಕ್ಲಿನ್ ಹಾಲಿನ ಕ್ಯಾಲ್ಸಿಯಂ ಜೊತೆ ಕೂಡಿಕೊಂಡು ದೇಹಕ್ಕೆ ಸರಿಯಾಗಿ ದಕ್ಕುವುದಿಲ್ಲ. ಥೈರಾಯ್ಡ್ ಮಾತ್ರೆಗೆ ಕಾಫಿ ಅಡ್ಡಿ.

ಹಾಗಾದರೆ ರೋಗಿ ‘ಬೇಡ’ ಎಂದರೆ ನರ್ಸ್ ಏನು ಮಾಡಬೇಕು? ಮೊದಲು ಕಾರಣ ಕೇಳಬೇಕು. ಕಹಿಯೇ, ಹೊಟ್ಟೆ ಉರಿಯೇ, ಭಯವೇ? ತಿಳಿಯುವ ಮಾತಿನಲ್ಲಿ ವಿವರಿಸಬೇಕು. ಆಗಲೂ ಬೇಡವೆಂದರೆ ಅದನ್ನು ಚಾರ್ಟಿನಲ್ಲಿ ಬರೆದು ವೈದ್ಯರಿಗೆ ತಿಳಿಸಬೇಕು. ಮಾನಸಿಕ ಕಾಯಿಲೆಯವರಿಗೂ ತಮ್ಮ ಚಿಕಿತ್ಸೆ ಮತ್ತು ಅದರ ಅಡ್ಡಪರಿಣಾಮಗಳನ್ನು ತಿಳಿಯುವ ಹಕ್ಕಿದೆ ಎನ್ನುತ್ತದೆ, 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ.

ಮಾತ್ರೆ ಏನೆಂದು ಗ್ರಹಿಸುವ ಶಕ್ತಿಯನ್ನೇ ಕಳೆದುಕೊಂಡ ಮರೆವಿನ ಕಾಯಿಲೆಯವರ ವಿಷಯ ಕಷ್ಟದ್ದೇ. ಆದರೂ ಅದು ಒಬ್ಬರೇ ಅಡುಗೆಮನೆಯಲ್ಲಿ ತೀರ್ಮಾನಿಸುವ ಸಂಗತಿಯಲ್ಲ. ವೈದ್ಯರು, ನರ್ಸ್, ಮನೆಯವರು ಕೂಡಿ ಯೋಚಿಸಬೇಕು, ಯಾವ ಮಾತ್ರೆಯನ್ನು ಪುಡಿ ಮಾಡಬಹುದೆಂದು ತಿಳಿದವರನ್ನು ಕೇಳಬೇಕು, ನಿರ್ಧಾರವನ್ನು ಬರೆದಿಡಬೇಕು. ಅನುಕೂಲಕ್ಕೆ ಹೇಳಿದ ಸುಳ್ಳು ಒಮ್ಮೆ ಬಯಲಾದರೆ ರೋಗಿ ಮಾತ್ರೆಯ ಜೊತೆಗೆ ಊಟವನ್ನೂ ಅನುಮಾನಿಸುತ್ತಾರೆ. ಕಳೆದುಹೋದ ನಂಬಿಕೆಗೆ ಮೆಡಿಕಲ್ ಸ್ಟೋರಿನಲ್ಲಿ ಔಷಧಿ ಸಿಗದು.

ನರ್ಸಿಂಗ್ ಸೇರುವ ವಿದ್ಯಾರ್ಥಿಗಳು ಮೊದಲಿಗೇ ಐದು ‘ಸರಿ’ಗಳನ್ನು ಕಲಿಯುತ್ತಾರೆ: ಸರಿಯಾದ ರೋಗಿ, ಸರಿಯಾದ ಔಷಧಿ, ಪ್ರಮಾಣ, ಮಾರ್ಗ, ಸಮಯ. ಇವುಗಳ ಜೊತೆಗೆ ಸರಿಯಾದ ಮಾತೂ ಇರಬೇಕು. ಆ ಪಾಠ ಮನೆಯಿಂದಲೇ ಶುರುವಾಗಲಿ. ಜ್ವರದ ಮಾತ್ರೆಯನ್ನು ಪುಟ್ಟ ಮಕ್ಕಳಿಗೆ ‘ಚಾಕೊಲೇಟ್’ ಎಂದು ಹೇಳಿ ಕೊಡುವ ತಂದೆತಾಯಂದಿರೇ, ಯಾರೂ ಇಲ್ಲದಾಗ ಆ ಚಾಕೊಲೇಟಿನ ಡಬ್ಬಿ ಮಗುವಿನ ಕೈಗೆ ಸಿಕ್ಕರೆ ಏನಾದೀತು?